ಬಾಗದ ಗೆರೆ

8 ಫೆಬ್ರವರಿ 2009, ಭಾನುವಾರ

ಬೆಳಿಗ್ಗೆ ಒಬ್ಬ ಹೆಣ್ಣುಮಗಳು ಮನೆಗೆ ಬಂದಿದ್ದರು. ಯಶಶ್ರೀ ಅಂತ ಹೆಸರು. ಬಸವನಗುಡಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಿವಿಲ್ ವಿಭಾಗದ ಲೆಕ್ಚರರ್. ಅಣೆಕಟ್ಟಿನ ಕೋಡಿಯ ಮೇಲೆ ನೀರು ಹೇಗೆ ಹರಿಯುತ್ತದೆ ಎಂಬುದರ ಮೇಲೆ ಪಿಎಚ್.ಡಿ. ಮಾಡುತ್ತಿದ್ದಾರಂತೆ. ಚಪ್ಪಲಿ ಬಿಡುವ ಮೊದಲೇ ಚೀಲದಿಂದ ಹಳೆಯ ಪ್ರಬಂಧವೊಂದರ ಜೆರಾಕ್ಸ್ ಪ್ರತಿ ತೆಗೆದು, "ಸರ್, ಇದನ್ನ ಬರೆದ ವಾದಿರಾಜ ಅಂದ್ರೆ ನೀವೇನಾ?" ಅಂದರು.

ನಾನೇ. ನಾನು ಮತ್ತು ಗೆಳೆಯ ರಾಮಾನುಜ, 1985ರಲ್ಲಿ. ಆಕಾಶದ ಕಪ್ಪುಕುಳಿಯ ಅಂಚಿನಿಂದ ಬಲು ಕ್ಷೀಣವಾದ ಶಾಖ ಹೊರಬರುತ್ತದೆ ಅನ್ನುವುದು ಆಗಲೇ ಎಲ್ಲರೂ ಒಪ್ಪಿದ್ದ ಮಾತು. ಒಪ್ಪಿದ್ದರು ಅಷ್ಟೆ, ಯಾರೂ ಅಳೆದಿರಲಿಲ್ಲ; ಅಳೆಯುವುದು ಸಾಧ್ಯವೂ ಇಲ್ಲ. ಆ ಲೆಕ್ಕವನ್ನು ಗ್ರಾಫಿನಲ್ಲಿ ಹಾಕಿದರೆ ನೆಟ್ಟನೆಯ ಗೆರೆ ಬರಬೇಕು ಎನ್ನುತ್ತಿದ್ದರು. ನಾವಿಬ್ಬರು ಹೇಳಿದ್ದು, ಕೊನೆಯವರೆಗೂ ನೆಟ್ಟಗಿರುವುದಿಲ್ಲ, ಅಲೆಗಳು ತೀರ ಚಿಕ್ಕವಾಗುವ ಕಡೆ ಗೆರೆ ಕೆಳಕ್ಕೆ ಬಾಗುತ್ತದೆ ಎಂದು.

ಅದನ್ನು ಈಗ ತಮ್ಮ ಲ್ಯಾಬಿನ ತೊಟ್ಟಿಯಲ್ಲಿ ಹರಿಯುವ ನೀರಿನಲ್ಲಿ ನೋಡಬಹುದು ಎನ್ನುತ್ತಾರೆ ಈಕೆ. ವಿಷಯ ಹೊಸದಲ್ಲ, ಹೊರದೇಶದವರೂ ಈ ದಾರಿ ಹಿಡಿದಿದ್ದಾರೆಂದು ಓದಿದ್ದೇನೆ. ಹೊಳೆಯಲ್ಲಿ ಎದುರು ಈಜುವ ಮೀನು ಇದ್ದ ಹಾಗೆ. ಮುಂದೆ ಹೋದಂತೆ ನೀರಿನ ವೇಗ ಹೆಚ್ಚುತ್ತಾ ಹೋದರೆ ಒಂದು ಕಡೆ ಮೀನು ಎಷ್ಟು ಈಜಿದರೂ ಇದ್ದಲ್ಲೇ ಇರುತ್ತದೆ. ಅದೇ ಅಂಚು. ಮೀನಿನ ಬದಲು ಅಲೆಯನ್ನಿಟ್ಟರೆ ಸಮೀಕರಣ ಕಪ್ಪುಕುಳಿಯದ್ದೇ. ಆದರೆ ಸಮೀಕರಣ ಒಂದೇ ಆದ ಮಾತ್ರಕ್ಕೆ ತೊಟ್ಟಿಯ ನೀರು ಆಕಾಶವಾಗಿಬಿಡುತ್ತದೆಯೆ? ಯೋಚಿಸಿ ಹೇಳುತ್ತೇನೆ ಎಂದು ಕಳಿಸಿದೆ.

"ಪಾಪ, ಬಿಸಿಲಲ್ಲಿ ಬಂದಿದ್ರು. ಅವರು ಕಾಫಿ ಮುಗಿಸೋ ತನಕ ಕೂಡ ನೀವು ಕೂರಲಿಲ್ಲ," ಎಂದಳು ನನ್ನ ಹೆಂಡತಿ ಅಂಬುಜ.

12 ಫೆಬ್ರವರಿ

ನಿವೃತ್ತಿಯಾದ ಮೇಲೆ ಈ ಮನೆಯಲ್ಲಿ ನನಗೆ ಕೂರುವ ಜಾಗವೇ ಸಿಕ್ಕಿಲ್ಲ. ವರಾಂಡದಲ್ಲಿ ಕೂತರೆ ರಸ್ತೆಯ ಸದ್ದು, ಒಳಗೆ ಕೂತರೆ ಕುಕ್ಕರಿನ ಸದ್ದು. ಪೆನ್ನಿನ ರೀಫಿಲ್ ತರಲು ಸಂಪಿಗೆ ರಸ್ತೆಗೆ ಹೋದೆ. ಬಂದವನು ಮತ್ತೆ ಹೋದೆ, ಯಾಕೆಂದು ಗೊತ್ತಿಲ್ಲ.

ತೊಟ್ಟಿಯ ನೀರಿನಿಂದ ಏನೂ ಸಾಬೀತಾಗುವುದಿಲ್ಲ ಎಂದು ನನಗೆ ಖಾತ್ರಿಯಿದೆ. ಹಾಗಿದ್ದ ಮೇಲೆ ಹೋಗಿ ನೋಡಲು ಅಡ್ಡಿಯೇನು?

19 ಫೆಬ್ರವರಿ, ಗುರುವಾರ

ಹೋಗಿದ್ದೆ. ಕಾಲೇಜಿನ ಹಿಂಭಾಗದಲ್ಲಿ, ತಗಡಿನ ಸೂರಿನ ಶೆಡ್ಡಿನಲ್ಲಿ, ಗಾಜಿನ ಗೋಡೆಗಳ ಉದ್ದನೆಯ ಕಾಲುವೆ. ಒಂದು ತುದಿಯಲ್ಲಿ ಪಂಪು ನೀರು ಬಿಡುತ್ತದೆ. ಇನ್ನೊಂದು ತುದಿಯಲ್ಲಿ ಬಿದ್ದದ್ದು ನೆಲದಡಿಯ ತೊಟ್ಟಿಗೆ ಹೋಗಿ ಮತ್ತೆ ಪಂಪಿಗೇ ಬರುತ್ತದೆ. ಮಧ್ಯೆ ತಳದಲ್ಲಿ ಯಶಶ್ರೀಯವರು ಮಾಡಿಸಿಟ್ಟಿರುವ ಒಂದು ದಿಬ್ಬ. ಅದರ ಮೇಲೆ ನೀರು ತೆಳ್ಳಗೆ, ವೇಗವಾಗಿ ಓಡುತ್ತದೆ. ಕೆಳತುದಿಯಲ್ಲಿ ಒಂದು ಹಲಗೆ ಹಿಂದಕ್ಕೂ ಮುಂದಕ್ಕೂ ಆಡುತ್ತಾ ಹರಿವಿಗೆ ಎದುರಾಗಿ ಅಲೆಗಳನ್ನು ಕಳಿಸುತ್ತದೆ.

ಉದ್ದನೆಯ ಅಲೆಯೊಂದು ಸಾವಕಾಶವಾಗಿ ಎದುರೇರಿ ಬಂತು. ದಿಬ್ಬದ ಹತ್ತಿರ, ಮೊಂಡು ಹಿಡಿದ ಎಮ್ಮೆಯ ಹಾಗೆ ನಿಂತುಬಿಟ್ಟಿತು. ಆಮೇಲೆ ಮುದುಡಿ ಸಣ್ಣ ಸಣ್ಣ ತೆರೆಗಳಾಗಿ ಬಂದ ದಾರಿಯಲ್ಲೇ ಕೊಚ್ಚಿಕೊಂಡು ಹೋಯಿತು.

"ಈ ಸಣ್ಣ ತೆರೆಗಳಲ್ಲಿ ಎರಡು ಜಾತಿ ಸರ್. ಒಂದು ಮಾಮೂಲಿ. ಇನ್ನೊಂದಕ್ಕೆ ನಿಮ್ಮ ಲೆಕ್ಕದಲ್ಲಿ ಮೈನಸ್ ಚಿಹ್ನೆ ಬರತ್ತಲ್ಲ, ಅದು. ಒಂದರ ಬಲಾನ ಇನ್ನೊಂದರಿಂದ ಭಾಗಿಸಿ ಗ್ರಾಫಲ್ಲಿ ಹಾಕ್ತಾ ಹೋಗೋದು. ನೆಟ್ಟಗೆ ಬಂದ್ರೆ ಹಳೇ ಮಾತು ಸರಿ. ಕೊನೇಲಿ ಬಾಗಿದ್ರೆ ನೀವು ಸರಿ."

ನೀವು ಸರಿ! ಎಷ್ಟು ಸಲೀಸಾಗಿ ಅಂದುಬಿಟ್ಟರು.

"ಇದು ನೀರು. ಕ್ವಾಂಟಂ ಅಲ್ಲ," ಅಂದೆ.

"ಹೌದು ಸರ್. ತಾನಾಗಿ ಹುಟ್ಟೋ ಕ್ವಾಂಟಂ ಅಲುಗಾಟ ಇದರಲ್ಲಿ ಸಿಗಲ್ಲ. ಅದಕ್ಕೇ ಅಲೆ ನಾವೇ ಕಳಿಸ್ತಿರೋದು. ಆದ್ರೆ ಕಳಿಸಿದ ಅಲೆ ಯಾವ ಅನುಪಾತದಲ್ಲಿ ಒಡೆಯತ್ತೆ ಅನ್ನೋದು ಎರಡರಲ್ಲೂ ಒಂದೇ ಅಲ್ವಾ? ನಿಮ್ಮ ಪೇಪರಲ್ಲೇ ಇದೆಯಲ್ಲ."

ಇದೆ. ಆ ವಾಕ್ಯ ನಾನೇ ಬರೆದದ್ದು. ತಲೆನೋವೆಂದು ಹೇಳಿ ಬೇಗ ಹೊರಟುಬಂದೆ. ಅಂಗಿಯ ತೋಳು ಒದ್ದೆಯಾಗಿತ್ತು.

5 ಮಾರ್ಚ್, ಗುರುವಾರ

ಚಾಮರಾಜಪೇಟೆಗೆ ಹೋಗಿ ರಾಮಾನುಜನಿಗೆ ಪ್ರಯೋಗದ ವಿಷಯ ಹೇಳಿದೆ. ಹೇಳದೆ ಇರಬೇಕಿತ್ತೇನೋ. ಕುರ್ಚಿಯಿಂದ ಎದ್ದೇಬಿಟ್ಟ.

"ಅಂತೂ ಅಳೀತಾರೆ ಅನ್ನು! ನಾನು ಹೇಳ್ತಿರಲಿಲ್ವೇನೋ ವಾದಿ?"

ಹೇಳುತ್ತಿದ್ದ. ನಾವಿಬ್ಬರೂ ಸೆಂಟ್ರಲ್ ಕಾಲೇಜಿನಲ್ಲಿ ಒಂದೇ ಬೆಂಚಿನವರು. ನಾನು ಸಂಶೋಧನಾಲಯ ಸೇರಿದೆ, ಅವನು ಅಲ್ಲೇ ಪೇಟೆಯ ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟ್ರಾದ. ನಾನು ಬರೆದ ಪ್ರಬಂಧಗಳು ಬಹಳ. ಅವನದು ಇದೊಂದೇ. ನಿವೃತ್ತಿಯಾಗುವವರೆಗೂ ಪ್ರತಿ ಬಿ.ಎಸ್ಸಿ. ತರಗತಿಗೆ ಬೋರ್ಡಿನ ಮೇಲೆ ಆ ಬಾಗಿದ ಗೆರೆ ಎಳೆದು, "ಒಂದು ದಿನ ಯಾರಾದ್ರೂ ಇದನ್ನ ಅಳೀತಾರೆ ಕಣ್ರಯ್ಯ" ಎಂದು ಹೇಳುತ್ತಾ ಬಂದವನು. ಅವನ ಹಳೆಯ ವಿದ್ಯಾರ್ಥಿಗಳು ಎಲ್ಲಾದರೂ ಸಿಕ್ಕಿದರೆ ನನಗೂ ಅದನ್ನೇ ಹೇಳುತ್ತಾರೆ.

ಈಗಲೇ ಹೋಗೋಣ ನಡಿ ಎಂದು ಹಠ ಹಿಡಿದ. ಇನ್ನೂ ತಯಾರಿ ನಡೆದಿದೆ, ಕಾಯಿ ಎಂದೆ.

27 ಮಾರ್ಚ್, ಯುಗಾದಿ

ಒಬ್ಬಟ್ಟು ಚೆನ್ನಾಗಿತ್ತು. ಲ್ಯಾಬಿಗೆ ರಜೆ. ಇಡೀ ದಿನ ಏನು ಮಾಡುವುದೋ ತೋಚಲಿಲ್ಲ.

6 ಏಪ್ರಿಲ್, ಸೋಮವಾರ

ಮೊದಲ ಸುತ್ತಿನ ಅಳತೆ ಮುಗಿಯಿತು.

ಗೆರೆ ನೆಟ್ಟಗಿದೆ.

ಯಶಶ್ರೀಯವರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ಕೊನೆಯ ಕೆಲವು ಚುಕ್ಕೆಗಳು ಸ್ವಲ್ಪ ಚೆದುರಿವೆ, ಆದರೆ ಕೆಳಕ್ಕೆ ಬಾಗಿಲ್ಲ. ಒಳ್ಳೆಯದು ಎಂದು ಹೇಳಿ ಎದ್ದುಬಂದೆ. ಮೆಜೆಸ್ಟಿಕ್ಕಿನಲ್ಲಿ ಯಾವ ಬಸ್ಸು ಹತ್ತಿದೆನೋ, ರಾಜಾಜಿನಗರದಲ್ಲಿ ಇಳಿದೆ. ಅಲ್ಲಿಂದ ನಡೆದೇ ಮನೆಗೆ ಬಂದೆ.

8 ಏಪ್ರಿಲ್, ಬುಧವಾರ

ರಾಮಾನುಜನಿಗೆ ಹೇಳಿಯೇ ತೀರಬೇಕೆಂದು ಸಂಜೆ ಹೊರಟೆ. ಓಕಳಿಪುರದ ರೈಲು ಸೇತುವೆಯ ಕೆಳಗೆ ಆಟೋ ಅಲುಗಾಡದೆ ನಿಂತಿತ್ತು. ಇಳಿದು ವಾಪಸು ಹೋಗಿಬಿಡೋಣ ಅನ್ನಿಸಿತು. ಅಷ್ಟರಲ್ಲಿ ದಾರಿ ಬಿಟ್ಟಿತು.

ಅವನು ಮನೆಯಲ್ಲಿರಲಿಲ್ಲ. ಕೋಟೆ ಹೈಸ್ಕೂಲು ಮೈದಾನದಲ್ಲಿ ರಾಮೋತ್ಸವದ ಕಚೇರಿ ಕೇಳುತ್ತಾ ಕೂತಿದ್ದ. ಪಕ್ಕದ ಕುರ್ಚಿಯ ಮೇಲಿದ್ದ ಶಾಲು ತೆಗೆದು ನನಗೆ ಜಾಗ ಕೊಟ್ಟ. ಪಿಟೀಲಿನವರು ಕಲ್ಯಾಣಿ ನುಡಿಸುತ್ತಿದ್ದರು. ತನಿ ಆವರ್ತನ ಶುರುವಾದಾಗ ಬಗ್ಗಿ ಕಿವಿಯಲ್ಲಿ ಕೇಳಿದ: "ತೊಟ್ಟಿ ಏನಂತೋ?"

"ಇನ್ನೂ ನಡೀತಿದೆ."

"ನಿಧಾನವಾಗ್ಲಿ. ಸರಿಯಾಗಿ ಆಗ್ಲಿ," ಎಂದು ತೊಡೆಯ ಮೇಲೆ ತಾಳ ಹಾಕುತ್ತಾ ಮುಂದಕ್ಕೆ ನೋಡಿದ.

ಹೇಳದೆ ಬಂದೆ. ಅವನ ಒಳ್ಳೆಯದಕ್ಕೇ.

10 ಏಪ್ರಿಲ್

ಏನೂ ಬರೆಯಲಾರೆ. ಕಾಲು ಒಂದು ಕಡೆ ನಿಲ್ಲುತ್ತಿಲ್ಲ.

15 ಏಪ್ರಿಲ್, ಬುಧವಾರ

ಯಶಶ್ರೀಯವರಿಗೆ ಹೇಳಿದೆ: "ಇದನ್ನ ಸದ್ಯಕ್ಕೆ ಯಾರಿಗೂ ತೋರಿಸಬೇಡಿ. ನಿಮ್ಮ ಕ್ಯಾಮೆರಾ ಸಾಲದು. ದಿಬ್ಬದ ಆಕಾರವೂ ಸರಿಯಿಲ್ಲ."

ಆಕೆ ಪೆನ್ನು ತೆಗೆದು ಎರಡನ್ನೂ ಬರೆದುಕೊಂಡರು. ಆಮೇಲೆ, "ಸರ್, ಗೆರೆ ಬಾಗಿ ಬಂದಿದ್ರೂ ಇದೇ ಕ್ಯಾಮೆರಾ ಸಾಲದು ಅಂತಿದ್ರಾ?" ಅಂದರು. ಅದರಲ್ಲಿ ಉದ್ಧಟತನ ಇರಲಿಲ್ಲ. ನಿಜವಾಗಿ ತಿಳಿಯಬೇಕೆಂದೇ ಕೇಳಿದ ಹಾಗಿತ್ತು.

ಮನೆಗೆ ಬಂದು ಅಂಬುಜನಿಗೆ ಎಲ್ಲ ಹೇಳಿದೆ. ಹುರುಳಿಕಾಯಿ ನಾರು ತೆಗೆಯುತ್ತಾ ಕೇಳಿಸಿಕೊಂಡಳು. ರಾಮಾನುಜ ಇದನ್ನು ತಡೆದುಕೊಳ್ಳಲಾರ, ಅದಕ್ಕೇ ಮುಚ್ಚಿಟ್ಟಿದ್ದೇನೆ ಎಂದೆ.

"ತಡ್ಕೊಳ್ಳಕ್ಕಾಗದೆ ಇರೋರು ಅವರಾ, ನೀವಾ?" ಎಂದಳು.

ಇವಳಿಗೆ ಇದೆಲ್ಲ ಅರ್ಥವಾಗುವುದಿಲ್ಲ.

23 ಏಪ್ರಿಲ್, ಗುರುವಾರ

ಲೋಕಸಭೆ ಚುನಾವಣೆ. ಬೆಳಿಗ್ಗೆಯೇ ಹೋಗಿ ಇಬ್ಬರೂ ಓಟು ಹಾಕಿ ಬಂದೆವು. ಆಮೇಲೆ ಹಾಗೇ ಸುತ್ತಾಡುತ್ತಾ ಬಸವನಗುಡಿಯ ಕಡೆ ಹೋಗಿದ್ದೆ. ಕಾಲೇಜಿನಲ್ಲಿ ಮತಗಟ್ಟೆ, ಲ್ಯಾಬಿಗೆ ಬೀಗ. ಅದು ಗೊತ್ತಿದ್ದೇ ಹೋಗಿದ್ದೆ. ಗೇಟಿನ ಪೊಲೀಸಿನವನು, "ನಿಮ್ಮ ಬೂತ್ ಇದೇನಾ ಸಾರ್?" ಎಂದು ಕೇಳಿದ.

ಕೊನೆಯ ಚುಕ್ಕೆಗಳು ಚೆದುರಿದ್ದು ಯಾಕೆ? ಅಲೆ ಸಣ್ಣದಾದಷ್ಟೂ ಬಲ ಕಡಿಮೆ. ಅಲ್ಲಿ ಅಳತೆಯನ್ನು ಇನ್ನೂ ಎಷ್ಟೋ ಪಟ್ಟು ಹೆಚ್ಚು ಸಲ ಮಾಡಬೇಕು. ನಾಳೆ ಹೇಳಬೇಕು.

28 ಏಪ್ರಿಲ್, ಮಂಗಳವಾರ

ನಾನು ಲ್ಯಾಬಿಗೆ ಹೋದಾಗ ರಾಮಾನುಜ ಅಲ್ಲಿದ್ದ.

ನನ್ನನ್ನು ಕಾದು ಕಾದು ಸಾಕಾಗಿ, ಕಾಲೇಜಿಗೆ ತಾನೇ ಫೋನ್ ಮಾಡಿ ದಾರಿ ಕೇಳಿಕೊಂಡು ಬಂದಿದ್ದಾನೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಬಾಳೆಹಣ್ಣಿನ ಚೀಲ. ಯಶಶ್ರೀ ಏನನ್ನೂ ಮುಚ್ಚಿಡಲಿಲ್ಲ. ಯಾರಿಗೂ ತೋರಿಸಬೇಡಿ ಎಂದಿದ್ದೆ, ರಾಮಾನುಜನಿಗೂ ಬೇಡ ಎಂದು ಬಾಯಿಬಿಟ್ಟು ಹೇಳಿರಲಿಲ್ಲ. ಗ್ರಾಫಿನ ಮುಂದೆ ಕೂತಿದ್ದ. ನಾನು ಬಂದದ್ದು ಗೊತ್ತಾದರೂ ತಿರುಗಲಿಲ್ಲ.

"ಎಷ್ಟು ದಿನದಿಂದ ಗೊತ್ತು ನಿನಗೆ?"

"ಸ್ವಲ್ಪ ದಿನ..."

"ಕಚೇರಿಗೆ ಬಂದಿದ್ದೆಯಲ್ಲ, ಅವತ್ತು ಗೊತ್ತಿತ್ತೋ ಇಲ್ವೋ?"

"ಗೊತ್ತಿತ್ತು."

ಎದ್ದ. "ಗೆರೆ ನೆಟ್ಟಗಿದ್ರೆ ನೆಟ್ಟಗಿದೆ ಕಣೋ, ಅದಕ್ಕೆ ನೀನೇನು ಮಾಡಕ್ಕಾಗತ್ತೆ, ನಾನೇನು ಮಾಡಕ್ಕಾಗತ್ತೆ. ಆದ್ರೆ ನಾನು ಇದನ್ನ ಕೇಳಕ್ಕೂ ಯೋಗ್ಯ ಅಲ್ಲ ಅಂದ್ಕೊಂಡ್ಯಲ್ಲ. ಪೇಟೆ ಕಾಲೇಜಿನ ಮೇಷ್ಟ್ರು, ಅತ್ತುಬಿಡ್ತಾನೆ ಅಂತ."

ಬಾಳೆಹಣ್ಣನ್ನು ಯಶಶ್ರೀಯ ಕೈಗೆ ಕೊಟ್ಟು ಹೊರಟುಹೋದ.

2 ಮೇ

ಫೋನ್ ಎತ್ತುತ್ತಿಲ್ಲ.

4 ಮೇ

ಫೋನ್ ಎತ್ತುತ್ತಿಲ್ಲ. ಶೇಷಾದ್ರಿಪುರದಲ್ಲಿ ಬಸ್ಸಿನ ಕಿಟಕಿಯಿಂದ ಅವನ ಹಾಗೇ ಕಾಣುವ ಒಬ್ಬರನ್ನು ನೋಡಿ ಇಳಿದುಬಿಟ್ಟೆ. ಬೇರೆ ಯಾರೋ.

9 ಮೇ, ಶನಿವಾರ

ರಾಮಾನುಜ ಫೋನ್ ಮಾಡಿದ್ದಾನೆ. ನನಗಲ್ಲ, ಯಶಶ್ರೀಗೆ.

ಅವಳು ನಗುತ್ತಾ ಹೇಳಿದಳು: "ಸರ್, ಅರ್ಧ ಗಂಟೆ ಪಾಠ ಮಾಡಿದ್ರು. ಹಿಂದಕ್ಕೆ ಕೊಚ್ಚಿಕೊಂಡು ಬಂದ ಸಣ್ಣ ತೆರೆಗಳು ಕೆಳತುದೀಲಿರೋ ಹಲಗೆಗೆ ಬಡಿದು ಮತ್ತೆ ವಾಪಸ್ ಬರಲ್ವಾ, ಅವೂ ನಿಮ್ಮ ಲೆಕ್ಕದಲ್ಲಿ ಸೇರ್ಕೊಂಡಿದ್ರೆ? ಬಾಗಿದ್ದನ್ನೂ ನೆಟ್ಟಗೆ ತೋರಿಸಿಬಿಡಬಹುದಲ್ವಾ? ಅಂತ."

ಹೌದು, ತೋರಿಸಬಹುದು. ಒಳ್ಳೆಯ ಪ್ರಶ್ನೆ. ಇಷ್ಟು ದಿನ ಕ್ಯಾಮೆರಾ, ದಿಬ್ಬ ಅಂತ ಒದ್ದಾಡಿದ ನನಗೆ ಇದು ಹೊಳೆದಿರಲಿಲ್ಲ.

"ಹಾಗಾದ್ರೆ ಅಲ್ಲಿ ಅಲೆ ಹೀರಿಕೊಳ್ಳೋ ಹಾಗೆ ಏನಾದ್ರೂ ಇಡಬೇಕು ಕಣಮ್ಮ," ಎಂದೆ.

"ತೆಂಗಿನ ನಾರಿನ ಹಾಸು ತರಕ್ಕೆ ಹೇಳಿದೀನಿ ಸರ್. ಹಲಗೆ ಕಳಿಸೋ ಉದ್ದನೇ ಅಲೆ ಅದರಲ್ಲಿ ದಾಟತ್ತೆ, ಸಣ್ಣವು ಅಲ್ಲೇ ಸಾಯತ್ವೆ. ಸೋಮವಾರದಿಂದ ಅವರೂ ಬರ್ತಾರಂತೆ."

"ನಾನಿರ್ತೀನಿ ಅಂತ ಗೊತ್ತಾ ಅವನಿಗೆ?"

"ಕೇಳಲಿಲ್ಲ ಸರ್."

11 ಮೇ, ಸೋಮವಾರ

ಬಂದಿದ್ದ. ನನ್ನ ಜೊತೆ ಮಾತಿಲ್ಲ. "ಪಂಪು ಸ್ವಲ್ಪ ತಗ್ಗಿಸಕ್ಕೆ ಅವರಿಗೆ ಹೇಳಮ್ಮ," ಎನ್ನುತ್ತಾನೆ, ನಾನು ಪಂಪಿನ ಪಕ್ಕದಲ್ಲೇ ನಿಂತಿರುವಾಗ.

ಮಧ್ಯಾಹ್ನ ಮಳೆ ಬಂತು. ತಗಡಿನ ಮೇಲೆ ಬಿದ್ದ ಹನಿಯ ಅದುರಿಗೆ ಕಾಲುವೆಯ ನೀರೆಲ್ಲ ಗುಳ್ಳೆ ಎದ್ದ ದೋಸೆಯ ಹಾಗೆ ಕಾಣುತ್ತಿತ್ತು. ಮಳೆ ನಿಲ್ಲಲೆಂದು ಮೂವರೂ ಕಾದೆವು. ಅವನು ಕಿಟಕಿಯ ಹತ್ತಿರ, ನಾನು ಬಾಗಿಲ ಹತ್ತಿರ.

18 ಮೇ, ಸೋಮವಾರ

ವಿಭಾಗದ ಮುಖ್ಯಸ್ಥರು ಶಿವರುದ್ರಪ್ಪನವರು ಬಂದಿದ್ದರು. "ಏನಮ್ಮ, ಹಾಸ್ಟೆಲಿಗೇ ಟ್ಯಾಂಕರ್ ತರಿಸ್ತಿದೀವಿ. ನೀವಿಲ್ಲಿ ಇಷ್ಟು ನೀರಲ್ಲಿ ಅಲೆ ಆಡಿಸ್ಕೊಂಡು ಕೂತಿದೀರಿ. ತಿಂಗಳ ಕೊನೆಗೆ ಖಾಲಿ ಮಾಡಿಬಿಡಿ. ಶೆಡ್ ರಿಪೇರಿನೂ ಇದೆ."

ಯಶಶ್ರೀಯ ಮುಖ ಸಣ್ಣದಾಯಿತು. ಇದಕ್ಕೆ ಅವಳಿಗೆ ಬೇರೆ ಯಾರ ನೆರವೂ ಇಲ್ಲ. ಅವಳ ಗೈಡಿಗೆ ಕೋಡಿ, ಕಾಲುವೆ ಸಾಕು, ಕಪ್ಪುಕುಳಿ ಬೇಡ. ಈ ಅಳತೆ ಅರ್ಧಕ್ಕೆ ನಿಂತರೆ ಮತ್ತೆ ಯಾವ ವರ್ಷವೋ.

ನಾನು ಮುಂದೆ ಹೋಗಿ ಒಂದೇ ನೀರು ಸುತ್ತುತ್ತಿದೆ, ಖರ್ಚಾಗುತ್ತಿಲ್ಲ ಎಂದು ವಿವರಿಸಲು ಹೊರಟೆ. ರಾಮಾನುಜನೂ ಅದೇ ಹೊತ್ತಿಗೆ ಅದನ್ನೇ ಶುರು ಮಾಡಿದ. ಇಬ್ಬರೂ ಒಟ್ಟಿಗೆ ಮಾತು ನಿಲ್ಲಿಸಿಬಿಟ್ಟೆವು. ಶಿವರುದ್ರಪ್ಪನವರು ನಕ್ಕರು, ಆದರೆ ಗಡುವು ಬದಲಾಗಲಿಲ್ಲ.

20 ಮೇ

ಬೆಳಿಗ್ಗೆ ಬೇಗ ಹೋದರೆ ರಸ್ತೆಯಲ್ಲಿ ಬಸ್ಸು ಕಡಿಮೆ, ಅದುರು ಕಡಿಮೆ, ನೀರಿನ ಮೈ ಕನ್ನಡಿಯ ಹಾಗಿರುತ್ತದೆ. ಅದನ್ನು ಕಂಡುಕೊಂಡಿದ್ದೇವೆ. ತಿಂಡಿಗೆ ಅಂಬುಜ ಅವಲಕ್ಕಿ ಕಟ್ಟಿಕೊಟ್ಟಿದ್ದಳು, ಮೂವರಿಗೂ ಆಗುವಷ್ಟು. ರಾಮಾನುಜ ತಿಂದ.

25 ಮೇ, ಸೋಮವಾರ

ತೀರ ಸಣ್ಣ ತೆರೆಗಳು. ಕಣ್ಣಿಗೆ ಕಾಣುವುದೇ ಇಲ್ಲ; ಗಾಜಿನ ಮಗ್ಗುಲಿಗೆ ಬಗ್ಗಿ, ಬೆಳಕಿಗೆ ಓರೆಯಾಗಿ ನೋಡಿದರೆ ನೀರಿನ ಮೈಯ ಮೇಲೆ ಒಂದು ಕಂಪನ ಹಾದು ಹೋದ ಹಾಗೆ. ದಿಬ್ಬದ ಇಳಿಜಾರಿನಲ್ಲಿ ಅಲೆ ನಿಲ್ಲುವ ಜಾಗ ಪ್ರತಿ ಸಲವೂ ಒಂದೇ ಅಲ್ಲ, ಅಲೆ ಉದ್ದವಾದಷ್ಟೂ ಸ್ವಲ್ಪ ಮೇಲಕ್ಕೆ ಬರುತ್ತದೆ. ಇದನ್ನು ನಾನು ಕಾಗದದ ಮೇಲೆ ಎಷ್ಟೋ ಸಲ ಬಿಡಿಸಿದ್ದೇನೆ. ನೀರು ಹಾಗೇ ಮಾಡುತ್ತದೆಂದು ನಂಬಿರಲಿಲ್ಲವೇನೋ. ಇವತ್ತು ಬಗ್ಗಿ ಬಗ್ಗಿ ಸೊಂಟ ಹಿಡಿದಿದೆ. ಊಟಕ್ಕೆ ಬರುವುದು ಮರೆತಿದ್ದಕ್ಕೆ ಅಂಬುಜನಿಂದ ಬೈಸಿಕೊಂಡೆ.

ನಾಳೆ ನೀರಿನ ಮಟ್ಟ ಒಂದು ಕೂದಲೆಳೆ ಇಳಿಸಿ ನೋಡಬೇಕು.

29 ಮೇ, ಶುಕ್ರವಾರ

ಮುಗಿಯಿತು.

ಕಂಪ್ಯೂಟರ್ ಬೇಡ ಎಂದು ರಾಮಾನುಜ ತಾನೇ ಗ್ರಾಫ್ ಹಾಳೆ ತಂದಿದ್ದ. ಯಶಶ್ರೀ ಒಂದೊಂದೇ ಸಂಖ್ಯೆ ಓದಿದಳು, ಅವನು ಪೆನ್ಸಿಲಿನಲ್ಲಿ ಚುಕ್ಕೆ ಇಡುತ್ತಾ ಹೋದ. ನಾನು ಅವನ ಹೆಗಲ ಹಿಂದೆ ನಿಂತಿದ್ದೆ. ನಾರಿನ ಹಾಸು ಹಾಕಿದ ಮೇಲೆ ಕೊನೆಯ ಚುಕ್ಕೆಗಳು ಚೆದುರುವುದೂ ನಿಂತಿದೆ. ಅವನು ಸ್ಕೇಲು ಇಟ್ಟ. ಅದರ ಅಂಚಿಗೆ ಎಲ್ಲವೂ ಬಂದು ಕೂತಿದ್ದವು, ನಾವು ಬಾಗುತ್ತದೆಂದು ಬರೆದಿದ್ದ ಜಾಗದಲ್ಲೂ, ಅದರಾಚೆಗೂ. ಅಷ್ಟು ಅಂದವಾದ ಗೆರೆಯನ್ನು ನಾನು ನೋಡಿರಲಿಲ್ಲ.

"ನೆಟ್ಟಗಿದೆ ಕಣಮ್ಮ," ಎಂದ ರಾಮಾನುಜ ಯಶಶ್ರೀಗೆ. ಸ್ವಲ್ಪ ಹೊತ್ತು ಸ್ಕೇಲನ್ನು ಹಾಗೇ ಹಿಡಿದುಕೊಂಡಿದ್ದ. ಆಮೇಲೆ ನನ್ನ ಕಡೆ ತಿರುಗದೆಯೇ, "ಅವತ್ತೇ ಹೇಳಬೇಕಿತ್ತು ನೀನು," ಎಂದ.

"ಹೇಳಬೇಕಿತ್ತು."

"ಹ್ಞೂಂ."

31 ಮೇ, ಭಾನುವಾರ

ಯಶಶ್ರೀ ಪ್ರಬಂಧದ ಕರಡು ಬರೆದಿದ್ದಾಳೆ. ಗಾಂಧಿ ಬಜಾರಿನ ಹೋಟೆಲಿನಲ್ಲಿ ಮೂವರೂ ಸೇರಿ ಓದಿದೆವು. ಮೊದಲ ಪುಟದಲ್ಲೇ ನಮ್ಮಿಬ್ಬರ ಹೆಸರಿದೆ: ರಾಮಾನುಜ ಮತ್ತು ವಾದಿರಾಜ ಊಹಿಸಿದ್ದ ಬಾಗು ಕಾಣಲಿಲ್ಲ ಎಂದು.

ರಾಮಾನುಜ ಅದನ್ನು ಎರಡು ಸಲ ಓದಿದ. "'ಕಾಣಲಿಲ್ಲ' ಅಂತ ಯಾಕಮ್ಮ? 'ಇಲ್ಲ' ಅಂತ ಬರಿ."

"ಹಾಗೆ ಬರೆಯಕ್ಕಾಗಲ್ಲ," ಎಂದೆ. "ಇದಕ್ಕಿಂತ ಸಣ್ಣ ಅಲೆಯಲ್ಲಿ ಏನಾಗತ್ತೋ ಯಾರಿಗೆ ಗೊತ್ತು?"

"ಸುಮ್ನಿರೋ ವಾದಿ. ಇನ್ನೂ ಸಂದು ಹುಡುಕ್ತಿದೀಯ."

"ಸಂದು ಅಲ್ಲಯ್ಯ ಅದು. ಅಳತೆಯ ಮಿತಿ!"

"ಮಿತಿಯಂತೆ, ಮಿತಿ! ಇಪ್ಪತ್ನಾಲ್ಕು ವರ್ಷ ಆಯ್ತು. ಸರಿ ಅನ್ನಲಿಲ್ಲ, ತಪ್ಪು ಅನ್ನಲಿಲ್ಲ, ಒಬ್ಬನಾದ್ರೂ ತಿರುಗಿ ನೋಡಲಿಲ್ವಲ್ಲೋ ಅದನ್ನ. ಈ ಮಗು ಬೇಸಿಗೆ ಪೂರ್ತಿ ನೀರಲ್ಲಿ ಕೈ ಇಟ್ಕೊಂಡು ನಿಂತು ತಪ್ಪು ಅಂತ ತೋರಿಸಿದೆ. ಅದನ್ನ ಹೋಗಿ ಅರೆಬರೆ ಮಾತಲ್ಲಿ ಹೇಳು ಅಂತೀಯಲ್ಲ!"

"ಅಳೆದಷ್ಟೇ ಹೇಳು ಅಂತಿದೀನಿ! ಅದಕ್ಕಿಂತ ಒಂದು ಎಳೆ ಜಾಸ್ತಿ ಹೇಳಿದ್ರೆ ಅವಳ ಕೆಲಸಕ್ಕೇ ಅವಮಾನ!"

ನನ್ನ ದನಿ ಜೋರಾಗಿತ್ತೆಂದು ಕಾಣುತ್ತದೆ. ಪಕ್ಕದ ಮೇಜಿನವರು ಇಡ್ಲಿ ಬಿಟ್ಟು ನಮ್ಮನ್ನೇ ನೋಡುತ್ತಿದ್ದರು. ರಾಮಾನುಜನೂ ಮೇಜು ಕುಟ್ಟುತ್ತಿದ್ದ. ಸೆಂಟ್ರಲ್ ಕಾಲೇಜಿನ ದಿನಗಳ ನಂತರ ನಾವು ಹೀಗೆ ಜಗಳವಾಡಿದ ನೆನಪಿಲ್ಲ.

ಯಶಶ್ರೀ ದೋಸೆ ಮುಗಿಸಿ, ಕೈ ತೊಳೆದು ಬಂದು, ಕರಡನ್ನು ನಮ್ಮಿಬ್ಬರ ಮಧ್ಯದಿಂದ ಎಳೆದುಕೊಂಡಳು.

"ಸರ್, ಇಬ್ರೂ ಒಂದ್ನಿಮಿಷ ಸುಮ್ನಿರಿ. ಪೇಪರ್ ನಂದು."

ಆ ವಾಕ್ಯವನ್ನು ಹೊಡೆದುಹಾಕಿ, ಮೇಲೆ ಹೊಸದಾಗಿ ಬರೆದು, ಹಾಳೆಯನ್ನು ನಮ್ಮ ಕಡೆ ತಿರುಗಿಸಿದಳು. ರಾಮಾನುಜ ಮತ್ತು ವಾದಿರಾಜ ಬಾಗುತ್ತದೆ ಎಂದಿದ್ದರು; ನಾವು ಅಳೆದಷ್ಟು ದೂರವೂ ಗೆರೆ ನೆಟ್ಟಗಿದೆ.

ಅದರಲ್ಲಿ ತಪ್ಪೇನಾದರೂ ಇದೆಯೇ ಎಂದು ಇಬ್ಬರೂ ತಲೆ ತಗ್ಗಿಸಿ ಹುಡುಕಿದೆವು. ಸಿಗಲಿಲ್ಲ.